ಸೋತ ದೇಶ ಕಟ್ಟಿದ ಕಾನೂನು ಸಂಸ್ಥೆ

ಮೊದಲ ಮಹಾಯುದ್ಧ ಮುಗಿದಾಗ ಜರ್ಮನಿಯ ಸೈನ್ಯವನ್ನು ಒಂದು ಲಕ್ಷಕ್ಕೆ ಇಳಿಸಲಾಯಿತು. ಮುಂದಿನ ಜಗಳಗಳೆಲ್ಲ ಕೋರ್ಟಿನಲ್ಲೇ ನಡೆಯಬೇಕಿತ್ತು. ಸೋತ ಜರ್ಮನಿಯ ಜೊತೆ ಮಾಡಿಕೊಂಡ ವರ್ಸೈ ಶಾಂತಿ ಒಪ್ಪಂದದ 440 ವಿಧಿಗಳಲ್ಲಿ ಗಡಿ, ಪರಿಹಾರಧನ, ಡಾನ್ಜಿಗ್ ನಗರ, ಪೋಲೆಂಡಿನ ಪಾಲಾದ ನೆಲದಲ್ಲಿ ಜರ್ಮನ್ನರ ಆಸ್ತಿ ಎಲ್ಲವೂ ಇದ್ದವು. ತಕರಾರು ಎದ್ದರೆ ಮಧ್ಯಸ್ಥಿಕೆ ಮಂಡಳಿಗೋ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೋ ಹೋಗಬೇಕು. 1924ರ ಡಿಸೆಂಬರಿನಲ್ಲಿ ಬರ್ಲಿನ್ನಿನಲ್ಲಿ ಸಂಶೋಧನಾ ಸಂಸ್ಥೆಗಳನ್ನು ನಡೆಸುತ್ತಿದ್ದ ಕೈಸರ್ ವಿಲ್ಹೆಲ್ಮ್ ಸೊಸೈಟಿಯ ಆಶ್ರಯದಲ್ಲಿ ಅಂತರರಾಷ್ಟ್ರೀಯ ಮತ್ತು ತೌಲನಿಕ ಸಾರ್ವಜನಿಕ ಕಾನೂನಿನ ಸಂಸ್ಥೆ ಹುಟ್ಟಿದ್ದು ಈ ಒತ್ತಡದಲ್ಲಿ. ನಿರ್ದೇಶಕ ವಿಕ್ಟರ್ ಬ್ರೂನ್ಸ್. ಜಾಗ ಸಿಕ್ಕಿದ್ದು ರಾಜ ಬಿಟ್ಟುಹೋಗಿದ್ದ ಅರಮನೆಯಲ್ಲಿ.

ಇಂಥ ಕೆಲಸಕ್ಕೆ ಒಳ್ಳೆಯ ವಕೀಲರು ಸಾಲದೇ? ಸಾಲದು. ದೇಶಗಳ ನಡುವಿನ ಕಾನೂನಿನಲ್ಲಿ ಬಹುಪಾಲು ರೂಢಿಯಿಂದ ಬಂದದ್ದು. ‘ಇದು ರೂಢಿ’ ಎಂದು ವಾದಿಸುವವನು ಯಾವ ದೇಶ ಯಾವಾಗ ಹಾಗೆ ನಡೆದುಕೊಂಡಿತು, ಯಾರು ಆಕ್ಷೇಪಿಸಿದರು, ಯಾವ ಕೋರ್ಟು ಏನೆಂದಿತು ಎಂಬುದಕ್ಕೆ ಕಾಗದ ತೋರಿಸಬೇಕು. ಅದನ್ನು ಹತ್ತಾರು ಭಾಷೆಗಳಿಂದ ವರ್ಷಗಟ್ಟಲೆ ಹೆಕ್ಕಿ ಜೋಡಿಸುವುದು ಒಬ್ಬ ವಕೀಲನ ಕೈಲಾಗುವ ಕೆಲಸವಲ್ಲ. ಬ್ರೂನ್ಸ್ ಮತ್ತು ಸಂಗಡಿಗರು ಮಾಡಿದ್ದು ಅದನ್ನೇ. 1929ರಲ್ಲಿ ಸ್ವಂತ ನಿಯತಕಾಲಿಕವೂ ಶುರುವಾಯಿತು.

ಆದರೆ ಸಂಶೋಧಕರು ಸರ್ಕಾರದ ಪರ ವಾದಿಸಲೂ ಹೋಗುತ್ತಿದ್ದರು. 1931ರಲ್ಲಿ ಆಸ್ಟ್ರಿಯಾ ಜೊತೆಗಿನ ಸುಂಕ ಒಕ್ಕೂಟದ ಪ್ರಶ್ನೆ ಹೇಗ್‌ಗೆ ಹೋದಾಗ ಜರ್ಮನಿಯ ಪರ ನಿಂತವರು ಬ್ರೂನ್ಸ್. 8-7ರ ಮತದಲ್ಲಿ ನ್ಯಾಯಾಲಯದ ಅಭಿಪ್ರಾಯ ಜರ್ಮನಿಯ ವಿರುದ್ಧ ಬಂತು. ವಿದ್ವಾಂಸ ಯಾವಾಗ ವಿದ್ವಾಂಸ, ಯಾವಾಗ ಸರ್ಕಾರದ ವಕೀಲ ಎಂಬ ಗೆರೆ ಅಲ್ಲಿ ತೆಳುವಾಗಿಯೇ ಇತ್ತು.

1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದ ನಂತರ ಆ ಗೆರೆ ಅಳಿಸಿಯೇ ಹೋಯಿತು ಎನ್ನಬಹುದು. ಸಂಸ್ಥೆಯಲ್ಲಿದ್ದ ಯಹೂದಿ ಮೂಲದ ಕಾನೂನು ಪಂಡಿತ ಎರಿಕ್ ಕಾಫ್ಮನ್ ಹೊರಬೀಳಬೇಕಾಯಿತು. ನಾಜಿ ಆಡಳಿತಕ್ಕೆ ಸೈದ್ಧಾಂತಿಕ ಬೆಂಬಲ ಕೊಟ್ಟ ಕಾನೂನು ಚಿಂತಕ ಕಾರ್ಲ್ ಸ್ಮಿಟ್ ಸಂಸ್ಥೆಯ ಸಲಹೆಗಾರರಲ್ಲಿ ಒಬ್ಬರಾದರು. ಅದೇ ಸಂಸ್ಥೆಯ ಬೆರ್ಟೋಲ್ಡ್ ಫಾನ್ ಸ್ಟಾಫೆನ್‌ಬರ್ಗ್, ಹೇಗ್ ನ್ಯಾಯಾಲಯದ ನಿಯಮಗಳಿಗೆ ಭಾಷ್ಯ ಬರೆದ ಪಂಡಿತರು, ಹಿಟ್ಲರನನ್ನು ಕೊಲ್ಲುವ ಸಂಚಿನಲ್ಲಿ ಕಿರಿಯ ಸಹೋದರ ಕ್ಲಾಸ್ ಫಾನ್ ಸ್ಟಾಫೆನ್‌ಬರ್ಗ್ ಜೊತೆ ಸೇರಿ 1944ರ ಆಗಸ್ಟ್ 10ರಂದು ಗಲ್ಲಿಗೇರಿದರು. ಸಂಸ್ಥೆಯ ಚರಿತ್ರೆ ಬರೆಯುವವರು ಸ್ಟಾಫೆನ್‌ಬರ್ಗರನ್ನು ಮುಂದಿಟ್ಟು ಸ್ಮಿಟ್ಟರನ್ನು ಅಡಿಟಿಪ್ಪಣಿಗೆ ತಳ್ಳಿದರೆ ಅದು ಅರ್ಧ ಚರಿತ್ರೆ.

1945ರ ಫೆಬ್ರುವರಿಯ ಬಾಂಬ್ ದಾಳಿಯಲ್ಲಿ ಅರಮನೆ ಸುಟ್ಟಿತು. ನಾಲ್ಕು ವರ್ಷದ ಮೇಲೆ ಹೈಡೆಲ್‌ಬರ್ಗ್‌ನಲ್ಲಿ ಮ್ಯಾಕ್ಸ್ ಪ್ಲಾಂಕ್ ಹೆಸರಿನಲ್ಲಿ ಸಂಸ್ಥೆ ಮತ್ತೆ ಎದ್ದಿತು. ಮೊದಲ ನಿರ್ದೇಶಕ ಕಾರ್ಲ್ ಬಿಲ್ಫಿಂಗರ್ ನಾಜಿ ಪಕ್ಷದ ಸದಸ್ಯರಾಗಿದ್ದವರು. ಹೊಸ ಹೆಸರಿನಿಂದ ಎಲ್ಲವೂ ತೊಳೆದುಹೋಗಲಿಲ್ಲ.

ನಿಜವಾದ ತಿರುವು 1954ರಲ್ಲಿ ಬಂದ ಹೆರ್ಮನ್ ಮೋಸ್ಲರ್ ಕಾಲದ್ದು. ಅವರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದಲ್ಲೂ ಮುಂದೆ ಹೇಗ್‌ನಲ್ಲೂ ನ್ಯಾಯಾಧೀಶರಾದರು. ನಂತರದ ನಿರ್ದೇಶಕರಲ್ಲಿ ರುಡಾಲ್ಫ್ ಬೆರ್ನ್‌ಹಾರ್ಟ್ ಆ ಮಾನವ ಹಕ್ಕು ನ್ಯಾಯಾಲಯದ ಅಧ್ಯಕ್ಷರಾದರೆ, ರೂಡಿಗರ್ ವೋಲ್ಫ್ರಮ್ ಹ್ಯಾಂಬರ್ಗಿನ ಸಮುದ್ರ ಕಾನೂನು ನ್ಯಾಯಮಂಡಳಿಯ ಅಧ್ಯಕ್ಷರಾದರು. ಒಂದು ಕಾಲಕ್ಕೆ ಸರ್ಕಾರದ ಪರ ವಾದಿಸುತ್ತಿದ್ದ ಮನೆಯವರು ಈಗ ಸರ್ಕಾರಗಳ ಮೇಲೆ ತೀರ್ಪು ಹೇಳುವ ಜಾಗದಲ್ಲಿದ್ದರು.

ಅದೇ ಊರಿನಿಂದ ನಮ್ಮ ಕಡೆಗೂ ಒಂದು ಎಳೆ ಬಂದಿದೆ, ಬೇರೆ ಸಂಸ್ಥೆಯ ಮೂಲಕ. ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ಸಂಸ್ಥೆಯ ಡೀಟರ್ ಕಾನ್ರಾಡ್ 1965ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸ ಕೊಟ್ಟರು: ತಿದ್ದುಪಡಿ ಮಾಡುವ ಅಧಿಕಾರಕ್ಕೆ ಸಂವಿಧಾನದೊಳಗೇ ಮಿತಿ ಇದೆಯೇ? ಜರ್ಮನಿಯ 1949ರ ಸಂವಿಧಾನದ 79(3)ನೇ ವಿಧಿ ಕೆಲವು ಮೂಲತತ್ವಗಳನ್ನು ತಿದ್ದುಪಡಿಯಿಂದ ಹೊರಗಿಟ್ಟಿತ್ತು. ವಕೀಲ ಎಂ.ಕೆ. ನಂಬಿಯಾರ್ ಆ ವಾದವನ್ನು ಸಂವಿಧಾನ ತಿದ್ದುಪಡಿಯ ಅಧಿಕಾರವನ್ನು ಪ್ರಶ್ನಿಸಿದ ಗೋಲಕನಾಥ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದಿಟ್ಟರು. 1973ರ ಏಪ್ರಿಲ್ 24ರಂದು ಕೇಶವಾನಂದ ಭಾರತೀ ಪ್ರಕರಣದಲ್ಲಿ 7-6ರ ಬಹುಮತದಿಂದ ಸಂವಿಧಾನದ ಮೂಲ ಸಂರಚನೆಯನ್ನು ಬದಲಿಸುವಂತಿಲ್ಲ ಎಂಬ ತೀರ್ಪು ಬಂದಾಗ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಕಾನ್ರಾಡರನ್ನು ಉಲ್ಲೇಖಿಸಿದರು. ಅರ್ಜಿದಾರರು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ. ಮಠದ ಜಮೀನಿನ ವಿಷಯದಲ್ಲಿ ಮಾತ್ರ ಅವರಿಗೆ ಹೇಳಿಕೊಳ್ಳುವಂಥದ್ದೇನೂ ಸಿಗಲಿಲ್ಲ.