ಹೊರಡುವ ಮುನ್ನ ವಾರ್ಡಿನ ಪಟ್ಟಿ ತರಿಸಿಕೊಳ್ಳಿ

ಆಫ್ರಿಕಾದ ಮಲಾವಿ ದೇಶದ ದಕ್ಷಿಣ ಭಾಗದ ಜಿಲ್ಲಾ ಆಸ್ಪತ್ರೆಯೊಂದಕ್ಕೆ ಸ್ವಯಂಸೇವಕ ಮಕ್ಕಳ ವೈದ್ಯನಾಗಿ ಹೋದ ಮೊದಲ ವಾರದಲ್ಲೇ ಅಲ್ಲಿನ ಹಿರಿಯ ನರ್ಸ್ ನನ್ನನ್ನು ವಾರ್ಡಿನ ಹಿಂದಿನ ಕೋಣೆಗೆ ಕರೆದೊಯ್ದರು. ದಾನವಾಗಿ ಬಂದ, ಗಾಳಿಯಿಂದಲೇ ಆಮ್ಲಜನಕ ತೆಗೆದುಕೊಡುವ ಆರು ಆಕ್ಸಿಜನ್ ಕಾನ್ಸೆಂಟ್ರೇಟರ್‌ಗಳು ಧೂಳು ಹಿಡಿದು ಗೋಡೆಯುದ್ದಕ್ಕೂ ನಿಂತಿದ್ದವು. ಅದೇ ಹೊತ್ತಿಗೆ ಈಚೆ ವಾರ್ಡಿನಲ್ಲಿ ನಿಮಿಷಕ್ಕೆ ಐದು ಲೀಟರ್ ಕೊಡುವ ಒಂದೇ ಯಂತ್ರಕ್ಕೆ ಕವಲು ಕೊಳವೆ ಜೋಡಿಸಿ ನಾಲ್ಕು ನವಜಾತ ಶಿಶುಗಳಿಗೆ ಆಮ್ಲಜನಕ ಹಂಚಲಾಗುತ್ತಿತ್ತು.

ಕೋಣೆಯಲ್ಲಿದ್ದ ಯಂತ್ರಗಳ ಬೆನ್ನಿಗೆ ಅಂಟಿಸಿದ್ದ ಚೀಟಿಯಲ್ಲಿ 115 ವೋಲ್ಟ್, 60 ಹರ್ಟ್ಸ್ ಎಂದಿತ್ತು. ಮಲಾವಿಯ ವಿದ್ಯುತ್ತು ನಮ್ಮಲ್ಲಿಯಂತೆಯೇ 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ಹಾಕಿದರಾಯಿತಲ್ಲ ಎಂದು ನಾನೂ ಅಂದುಕೊಂಡವನೇ. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆಯೇ ಹೊರತು ಆವರ್ತನವನ್ನು, ಅಂದರೆ ಆ ಹರ್ಟ್ಸ್ ಲೆಕ್ಕವನ್ನು, ಬದಲಿಸುವುದಿಲ್ಲ ಎಂಬುದನ್ನು ನನಗಿಂತ ಬಹಳ ಕಿರಿಯರಾದ ಅಲ್ಲಿನ ತಂತ್ರಜ್ಞರು ತಾಳ್ಮೆಯಿಂದ ತಿಳಿಸಿಕೊಟ್ಟರು. 60 ಹರ್ಟ್ಸ್‌ಗೆಂದು ಮಾಡಿದ ಮೋಟಾರು 50 ಹರ್ಟ್ಸ್‌ನಲ್ಲಿ ಸುಮಾರು ಆರನೇ ಒಂದು ಭಾಗದಷ್ಟು ನಿಧಾನವಾಗಿ ತಿರುಗುತ್ತದೆ. ಕಂಪ್ರೆಸರ್ ಎಳೆದುಕೊಳ್ಳುವ ಗಾಳಿ ಕಡಿಮೆಯಾಗಿ, ಸುರುಳಿ ಕಾದು, ಕೊನೆಗೆ ಯಂತ್ರ ಸುಟ್ಟುಹೋಗುತ್ತದೆ. ಅದಕ್ಕೂ ಮೊದಲಿನ ಅಪಾಯ ಇನ್ನೂ ದೊಡ್ಡದು: ಯಂತ್ರ ಗುರುಗುಡುತ್ತಲೇ ಇರುತ್ತದೆ, ಆದರೆ ಮಗುವಿನ ಮೂಗಿಗೆ ಬರುವ ಗಾಳಿಯಲ್ಲಿ ಇರಬೇಕಾದಷ್ಟು ಆಮ್ಲಜನಕ ಇರುವುದಿಲ್ಲ.

2021ರ ಕೋವಿಡ್ ಅಲೆಯಲ್ಲಿ ಕೊಂಡ ಕಾನ್ಸೆಂಟ್ರೇಟರ್‌ಗಳು ನಮ್ಮ ಸಂಘದ ಉಗ್ರಾಣದಲ್ಲಿ ಹಾಗೆಯೇ ಉಳಿದಿವೆ, ಕಳುಹಿಸಲೇ ಎಂದು ಊರಿನ ಸ್ನೇಹಿತರೊಬ್ಬರು ಕೇಳಿದಾಗ ಈ ಪಾಠ ನೆನಪಿಗೆ ಬಂತು. ವೋಲ್ಟೇಜೂ ಆವರ್ತನವೂ ಹೊಂದುತ್ತವೆ, ನಿಜ. ಆದರೆ ಗಾಳಿಯಿಂದ ಸಾರಜನಕವನ್ನು ಹೀರಿಕೊಂಡು ಆಮ್ಲಜನಕವನ್ನು ಮುಂದೆ ಬಿಡುವ ಜಿಯೋಲೈಟ್ ಹರಳುಗಳು ಯಂತ್ರ ಸುಮ್ಮನೆ ಕುಳಿತಷ್ಟೂ ತೇವ ಹೀರಿ ಕೆಡುತ್ತವೆ. ಆದ್ದರಿಂದ ಪ್ರತಿಯೊಂದನ್ನೂ ಪೂರ್ಣ ಹರಿವಿನಲ್ಲಿ ಓಡಿಸಿ, ವಿಶ್ವ ಆರೋಗ್ಯ ಸಂಸ್ಥೆ ಕನಿಷ್ಠವೆಂದು ಹೇಳುವ ಶೇ 82ರಷ್ಟು ಆಮ್ಲಜನಕ ಬರುತ್ತಿದೆಯೇ ಎಂದು ಮಾಪಕದಲ್ಲಿ ನೋಡಿದ ಮೇಲೆಯೇ ಪೆಟ್ಟಿಗೆ ಕಟ್ಟಬೇಕು ಎಂದೆ. ಪರೀಕ್ಷೆಯಲ್ಲಿ ಉಳಿದುಕೊಂಡವು ಅರ್ಧದಷ್ಟು ಮಾತ್ರ. ಸ್ನೇಹಿತರಿಗೆ ಸ್ವಲ್ಪ ಬೇಸರವಾಯಿತು, ನನಗೆ ಆಗಲಿಲ್ಲ.

ಔಷಧಿಗಳ ವಿಷಯದಲ್ಲಿ ನಾನು ಇನ್ನೂ ಕಟ್ಟುನಿಟ್ಟು. ದಾನದ ಔಷಧಿ ತಲುಪುವ ದಿನಕ್ಕೆ ಅದರ ಅವಧಿ ಕನಿಷ್ಠ ಒಂದು ವರ್ಷವಾದರೂ ಉಳಿದಿರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲಿ ಮೊದಲು ಹೊರತಂದ ಮಾರ್ಗಸೂಚಿಯಿಂದಲೂ ಬಂದ ಮಾತು. ಮಲಾವಿಗೆ ಸಮುದ್ರವಿಲ್ಲ. ಸರಕು ಮೊಜಾಂಬಿಕ್‌ನ ಬೈರಾ ಅಥವಾ ನಕಾಲಾ ಬಂದರಿನಲ್ಲೋ, ತಾಂಜಾನಿಯದ ದಾರ್ ಎಸ್ ಸಲಾಮ್‌ನಲ್ಲೋ ಇಳಿದು, ಗಡಿಯ ಕಾಗದಪತ್ರ ಮುಗಿಸಿ ನೆಲಮಾರ್ಗವಾಗಿ ಬರಬೇಕು. ಆರು ತಿಂಗಳ ಅವಧಿಯ ಮಾತ್ರೆಯನ್ನು ಹಡಗಿಗೆ ಹಾಕುವವರು ಅಲ್ಲಿನ ಫಾರ್ಮಸಿಸ್ಟರ ತಲೆಗೆ ವಿಲೇವಾರಿಯ ಖರ್ಚನ್ನೂ ಕಟ್ಟುತ್ತಾರೆ. ವೈದ್ಯರ ಮನೆಯಲ್ಲಿ ಉಳಿದ ಸ್ಯಾಂಪಲ್ ಮಾತ್ರೆಗಳನ್ನಂತೂ ನಾನು ಕೈಯಲ್ಲೂ ಮುಟ್ಟುವುದಿಲ್ಲ.

ಹೋಗುವ ವೈದ್ಯರಿಗೂ ಇಂಥದ್ದೇ ತಪಾಸಣೆ ಬೇಕು. ಮಲಾವಿಯ ವೈದ್ಯಕೀಯ ಮಂಡಳಿಯಲ್ಲಿ ನೋಂದಣಿ ಆಗದೆ ರೋಗಿಯನ್ನು ಮುಟ್ಟುವಂತಿಲ್ಲ. ಅಲ್ಲಿನ ಜಿಲ್ಲಾ ಆಸ್ಪತ್ರೆಗಳ ಭಾರ ಹೊತ್ತಿರುವವರು ಕ್ಲಿನಿಕಲ್ ಆಫೀಸರ್‌ಗಳು. ಎಂಬಿಬಿಎಸ್ ಓದದಿದ್ದರೂ ಸಿಸೇರಿಯನ್ ಹೆರಿಗೆಯನ್ನೂ ನುರಿತ ಕೈಯಿಂದ ಮಾಡುವ ಅವರಿಗೆ ಹತ್ತು ದಿನಕ್ಕೆ ಬಂದವನು ಕಲಿಸುವುದಕ್ಕಿಂತ ಕಲಿಯುವುದೇ ಹೆಚ್ಚು.

ಈಗ ನಾನು ಸಾಮಾನು ಕೂಡಿಹಾಕಲು ಶುರುಮಾಡುವುದು ವಾರ್ಡಿನಿಂದ ಪಟ್ಟಿ ಬಂದ ಮೇಲೆಯೇ. ಕಳೆದ ಬಾರಿಯ ಪಟ್ಟಿಯಲ್ಲಿ ದೊಡ್ಡ ಯಂತ್ರ ಒಂದೂ ಇರಲಿಲ್ಲ. ನವಜಾತ ಶಿಶುಗಳ ಅಳತೆಯ ಮೂಗಿನ ಕೊಳವೆ, ಕಾನ್ಸೆಂಟ್ರೇಟರ್ ಫಿಲ್ಟರ್, ಪಲ್ಸ್ ಆಕ್ಸಿಮೀಟರಿನ ಶಿಶು ಪ್ರೋಬ್ ಇದ್ದವು. ಕೊನೆಯಲ್ಲಿ, ಬೇರೆ ಶಾಯಿಯಲ್ಲಿ, ತಂತ್ರಜ್ಞರು ಚೌಕ ಪಿನ್ನಿನ ಪ್ಲಗ್ಗುಗಳು ಇಪ್ಪತ್ತು ಎಂದು ಬರೆದಿದ್ದರು. ನಮ್ಮ ದುಂಡು ಪಿನ್ನು ಅಲ್ಲಿನ ಗೋಡೆಯ ತೂತಿಗೆ ಕೂರುವುದಿಲ್ಲ. ನಾನು ಹಿಂದಿನ ವರ್ಷ ಕಳುಹಿಸಿದ್ದ ಯಂತ್ರಗಳ ವೈರನ್ನು ಅವರು ಪ್ಲಗ್ಗಿಲ್ಲದೆ, ಬೆಂಕಿಕಡ್ಡಿ ತುರುಕಿ ಸಿಕ್ಕಿಸಿಕೊಂಡು ನಡೆಸುತ್ತಿದ್ದರಂತೆ.