ತಂಗಡಿಗೆ ನೀರು ಹಾಕಿ ಕೊಂದೆ

ಪುಣೆಯ ಕೋಥ್ರೂಡ್‌ನಲ್ಲಿರುವ ನಮ್ಮ ಸೊಸೈಟಿಗೆ ಏಪ್ರಿಲ್ ಬಂತೆಂದರೆ ಟ್ಯಾಂಕರ್ ಬರುತ್ತದೆ. ಆ ನೀರಿನಲ್ಲೇ ಉಳಿಸಿ, ಕುಂಡದ ತಂಗಡಿ ಗಿಡಕ್ಕೆ ದಿನಾ ಒಂದು ತಂಬಿಗೆ ಹಾಕುತ್ತಿದ್ದೆ. ವಿಜಯಪುರದಿಂದ ಬಂದ ಅವ್ವ ನೋಡಿ ನಕ್ಕಳು. "ತಂಗಡಿಗ್ಯಾರರ ನೀರ ಹಾಕ್ತಾರೇನೋ ತಮ್ಮಾ?" ಎರಡು ವಾರಕ್ಕೆ ಗಿಡ ಸತ್ತಿತು. ಕಿತ್ತು ನೋಡಿದರೆ ಬೇರು ಕೊಳೆತು ಕರ್ರಗಾಗಿತ್ತು. ಬೇರಿಗೂ ಗಾಳಿ ಬೇಕು. ಮಣ್ಣಿನ ಸಂದಿಯಲ್ಲೆಲ್ಲ ನೀರೇ ನಿಂತರೆ ಅದಕ್ಕೆ ಉಸಿರು ಕಟ್ಟುತ್ತದೆ.

ಕೆಲವರು ಇದನ್ನು ಆವರಿಕೆ ಅನ್ನುತ್ತಾರೆ. ಇಲ್ಲಿನ ಮರಾಠಿಯಲ್ಲಿ ತರವಡ. ತೆಲಂಗಾಣದವರಿಗೆ ಇದು ರಾಜ್ಯದ ಹೂವು, ಬತುಕಮ್ಮ ಹಬ್ಬಕ್ಕೆ ಇದಿಲ್ಲದೆ ಆಗದು. ಚರ್ಮ ಹದ ಮಾಡಲು ಇದರ ತೊಗಟೆ ಬಳಸುತ್ತಿದ್ದರು. ವಿಜ್ಞಾನದ ಹೆಸರು ಸೆನ್ನಾ ಆರಿಕ್ಯುಲಾಟಾ, ಅಂದರೆ ಕಿವಿಯುಳ್ಳದ್ದು. ಎಲೆಯ ಬುಡದಲ್ಲಿ ಕಿವಿಯಂಥ ಎರಡು ಪುಟ್ಟ ಹಾಳೆ ಇರುತ್ತವೆ. ಗಿಡ ಗುರುತಿಸಲು ಮೊದಲು ಅದನ್ನೇ ನೋಡಿ.

ಪುಣೆಯಲ್ಲಿ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಉಳಿದ ಎಂಟು ತಿಂಗಳನ್ನು ತಂಗಡಿ ಕಳೆಯುವುದು ಬೇರಿನ ಬಲದಿಂದ. ಸಸಿ ಮೇಲೆ ಗೇಣುದ್ದ ಇರುವಾಗಲೇ ತಾಯಿಬೇರು ಆಳಕ್ಕೆ ಇಳಿದಿರುತ್ತದೆ. ಕುಂಡದಲ್ಲಿ ಅದು ತಳ ಮುಟ್ಟಿ ಸುತ್ತಿಕೊಳ್ಳುತ್ತದೆ, ಅಷ್ಟೆ. ಎಲೆಗಳೂ ಸಣ್ಣ ಸಣ್ಣ ತುಣುಕು. ಸಣ್ಣ ಎಲೆ ಬಿಸಿಲಿನ ಕಾವನ್ನು ಗಾಳಿಗೆ ಬೇಗ ಬಿಟ್ಟುಕೊಡುತ್ತದೆ. ಹಾಗಾಗಿ ತಣ್ಣಗಿರಲು ಜಾಸ್ತಿ ನೀರು ಕಳೆಯಬೇಕಿಲ್ಲ.

ನನಗೆ ಮೋಜು ಅನಿಸುವುದು ಹೂವು. ಅಚ್ಚ ಹಳದಿ, ಐದು ಎಸಳು, ಆದರೆ ಮಕರಂದ ಇಲ್ಲವೇ ಇಲ್ಲ! ಕೊಡುವುದು ಪರಾಗ ಮಾತ್ರ, ಅದೂ ಬಿಗಿ ಮಾಡಿ. ಪರಾಗದ ಚೀಲಗಳು ಉದ್ದಕ್ಕೂ ಸೀಳುವುದಿಲ್ಲ. ಉಪ್ಪಿನ ಡಬ್ಬಿಯ ಹಾಗೆ ತುದಿಯಲ್ಲಿ ಸಣ್ಣ ತೂತು. ಜೇನುನೊಣಕ್ಕೆ ಅಲ್ಲಾಡಿಸಿ ಉದುರಿಸಲು ಬರುವುದಿಲ್ಲ. ಮರ ಕೊರೆಯುವ ದಪ್ಪ ಕಪ್ಪು ದುಂಬಿಗೆ ಬರುತ್ತದೆ. ಅದು ಹೂವನ್ನು ಅಪ್ಪಿ ಹಿಡಿದು, ರೆಕ್ಕೆ ಬಡಿಯದೆ ಹಾರುವ ಸ್ನಾಯುಗಳನ್ನಷ್ಟೇ ನಡುಗಿಸುತ್ತದೆ. ಪರಾಗ ಚಿಮ್ಮುತ್ತದೆ. ಬೆಳಿಗ್ಗೆ ಗಿಡದ ಹತ್ತಿರ ಸುಮ್ನೆ ನಿಂತರೆ ದನಿ ಬದಲಾಗುವುದು ಕೇಳುತ್ತದೆ. ಹಾರುವಾಗ ಒಂದು ಗುಂಯ್, ಕೂತ ಮೇಲೆ ಅದಕ್ಕಿಂತ ಕೀಚಲಾದ ಇನ್ನೊಂದು. ನಡುವಿನ ಗಿಡ್ಡ ಕೇಸರಗಳ ಪರಾಗ ದುಂಬಿಯ ಊಟಕ್ಕೆ. ಕೆಳಗಿನ ಉದ್ದನೆಯವು ದುಂಬಿಯ ಮೈಗೆ ಪರಾಗ ಬಳಿದು, ಮುಂದಿನ ಹೂವಿಗೆ ಕಳಿಸುತ್ತವೆ. ಕೂಲಿ ಬೇರೆ, ಕೆಲಸ ಬೇರೆ.

ನರ್ಸರಿಯಲ್ಲಿ ಕೇಳಿದರೆ ಬೋಗನ್‌ವಿಲ್ಲಾ ತೋರಿಸಿದರು. ಅದೂ ಬರ ತಡೆಯುತ್ತದೆ ನಿಜ, ಆದರೆ ದಕ್ಷಿಣ ಅಮೆರಿಕದ್ದು. ಕೊನೆಗೆ ಸೋಲಾಪುರ ರಸ್ತೆಯ ಪಕ್ಕದಲ್ಲಿ ಒಣಗಿದ ಚಪ್ಪಟೆ ಕಾಯಿ ಆರಿಸಿ ತಂದೆ. ಬೀಜದ ಸಿಪ್ಪೆ ಗಟ್ಟಿ, ನೀರು ಒಳಗೆ ಬಿಡುವುದಿಲ್ಲ. ಕುದಿಸಿ ಇಳಿಸಿದ ನೀರು ಹುಯ್ದು ರಾತ್ರಿಯಿಡೀ ಬಿಟ್ಟೆ. ಉಬ್ಬಿದ ಬೀಜಗಳನ್ನು ಮಾತ್ರ ಜೂನ್‌ನಲ್ಲಿ, ಕಾಂಪೌಂಡಿನ ಪಕ್ಕದ ಗರಸು ಮಣ್ಣಿಗೇ ನೇರ ಊರಿದೆ. ಗೊಬ್ಬರ ಹಾಕಲಿಲ್ಲ. ಮೊದಲ ಬೇಸಿಗೆಗೆ ಮಾತ್ರ ವಾರಕ್ಕೊಮ್ಮೆ ನೀರು ಕೊಟ್ಟೆ, ಬೇರು ಇನ್ನೂ ಎಳೆಯದು ಅಲ್ವಾ.

ಈಗ ಗಿಡ ನನ್ನ ಎದೆಯೆತ್ತರ. ಹಳದಿ ಚಿಟ್ಟೆ ಬಂದು ಎಲೆಗೆ ಮೊಟ್ಟೆ ಇಟ್ಟು ಹೋಗಿದೆ, ಹಸಿರು ಹುಳುಗಳು ಎಲೆ ಮೇಯುತ್ತಿವೆ. ಔಷಧಿ ಹೊಡೆಯಲು ಬಂದ ಮಾಲಿಯನ್ನು ತಡೆದೆ. ಅವನು ಪೈಪಾದರೂ ಹಿಡಿಯೋಣ ಅಂತ ತಿರುಗಿದ. ಅದನ್ನೂ ತಡೆದೆ.