ತೆಗೆದು ಮುಗಿದ ರೀಲೂ ಹಸಿಯೇ

ಗಲ್ಫಿನಿಂದ ರಜೆಗೆ ಬರುವ ನಮ್ಮ ಹುಡುಗರು ಮತ್ತೆ ಫಿಲ್ಮ್ ಕ್ಯಾಮೆರಾ ಹಿಡಿದಿದ್ದಾರೆ. ಕಾಸರಗೋಡಿನಲ್ಲಿ ರೀಲು ತೊಳೆದು ಚಿತ್ರ ಮೂಡಿಸುವ ನನಗೆ ಇದಕ್ಕಿಂತ ಸಂತೋಷ ಬೇರಿಲ್ಲ. ಆದರೆ ಹೊಸ ರೀಲನ್ನು ಜೋಪಾನವಾಗಿ ಕೈಚೀಲದಲ್ಲಿ ತರುವವರೇ, ತೆಗೆದು ಮುಗಿದದ್ದನ್ನು ದೊಡ್ಡ ಸೂಟ್‌ಕೇಸಿನಲ್ಲಿ ಬಟ್ಟೆಯ ನಡುವೆ ಸುತ್ತಿ ಕಳಿಸುತ್ತಾರೆ. ಕೇಳಿದರೆ, "ಚಿತ್ರ ಆಗಲೇ ಬಿದ್ದಾಯಿತಲ್ಲ, ಇನ್ನೇನಾಗುತ್ತದೆ?"

ಆಗುತ್ತದೆ. ವಿಮಾನ ನಿಲ್ದಾಣದಲ್ಲಿ ಸಾಮಾನು ನೋಡುವ ಎಕ್ಸ್-ರೇ ಯಂತ್ರ ತೊಳೆಯದ ರೀಲನ್ನು ಕೆಡಿಸಬಲ್ಲದು. ರೀಲಿನ ಲೇಪದಲ್ಲಿರುವ ಸಿಲ್ವರ್ ಹ್ಯಾಲೈಡ್ ಎಂಬ ಬೆಳ್ಳಿ ಸಂಯುಕ್ತದ, ಬೆಳಕು ತಾಗಿದ ಹರಳಿನಲ್ಲಿ ಬೆಳ್ಳಿಯ ಕೆಲವೇ ಪರಮಾಣುಗಳ ಗುರುತು ಮೂಡಿರುತ್ತದೆ, ಅಷ್ಟೆ. ಅದನ್ನು ಕಣ್ಣಿಗೆ ಕಾಣಿಸುವುದು ತೊಳೆಯುವ ಮೊದಲ ದ್ರಾವಣ, ಡೆವಲಪರ್. ಬೆಳಕು ತಾಗದೆ ಉಳಿದ ಹರಳುಗಳನ್ನು ತೆಗೆದುಹಾಕುವುದು ಆಮೇಲಿನ ದ್ರಾವಣ, ಫಿಕ್ಸರ್. ಫಿಕ್ಸರ್ ಮುಟ್ಟುವ ತನಕ ಎಕ್ಸ್-ರೇ ಬಿದ್ದರೂ ಆ ಹರಳುಗಳಿಗೆ ಬೆಳಕು ಬಿದ್ದಂತೆಯೇ. ಮಡಕೆಗೆ ಆಕಾರ ಬಂತೆಂದು ಸುಡುವ ಮೊದಲೇ ನೀರು ತುಂಬಿಸುತ್ತೇವೆಯೇ? ತೊಳೆದ ನೆಗೆಟಿವ್‌ಗೆ ಮಾತ್ರ ಭಯವಿಲ್ಲ.

ಬದಿಯಡ್ಕ ಕಡೆಯ ಯುವಕನೊಬ್ಬ ಅಜ್ಜಿ ಜಗಲಿಯಲ್ಲಿ ಅಡಿಕೆ ಸುಲಿಯುವುದನ್ನು ತೆಗೆದಿದ್ದ. ರೀಲು ದುಬೈಗೆ ಹೋಯಿತು, ಅಲ್ಲಿ ತೊಳೆಸಲು ಪುರುಸೊತ್ತಾಗಲಿಲ್ಲ, ಮುಂದಿನ ರಜೆಗೆ ಅದೇ ಸೂಟ್‌ಕೇಸಿನಲ್ಲಿ ನನ್ನ ಬಳಿಗೆ ಬಂತು. ಅಜ್ಜಿಯ ಹಿಂದಿನ ಕತ್ತಲ ಬಾಗಿಲು ಮಂಕಾಗಿ ಬೂದು ಹಿಡಿದಿತ್ತು, ಮೇಲೆ ಅಲೆಯಂಥ ಪಟ್ಟೆ. ಪ್ರಿಂಟಿನಲ್ಲಿ ಸರಿಮಾಡಿ ಎಂದ. ಕಪ್ಪನ್ನು ಸ್ವಲ್ಪ ಗಾಢ ಮಾಡಬಹುದು. ನೆರಳಿನಲ್ಲಿ ಅಳಿಸಿಹೋದ ವಿವರವನ್ನು ಎಲ್ಲಿಂದ ತರಲಿ? ಚೆಕ್-ಇನ್ ಸಾಮಾನಿನ ಯಂತ್ರ ಕೈಚೀಲದ ಹಳೆಯ ಯಂತ್ರಕ್ಕಿಂತ ಬಹಳ ಜೋರು.

ಕೈಚೀಲದ ಆ ಹಳೆಯ ಯಂತ್ರದಲ್ಲಿ, ಬೆಳಕಿಗೆ ರೀಲಿನ ಸೂಕ್ಷ್ಮತೆಯ ಅಳತೆಯಲ್ಲಿ 800 ಐಎಸ್‌ಒಗಿಂತ ಕೆಳಗಿನ ರೀಲು ಒಂದೆರಡು ಸಲ ಹಾದರೆ ಸಾಮಾನ್ಯವಾಗಿ ತೊಂದರೆ ಕಾಣಿಸದು. ಆದರೂ ಪ್ರತಿ ಸಲದ ಏಟು ಕೂಡುತ್ತ ಹೋಗುತ್ತದೆ. ಸೂಟೆಯ ಬೆಳಕಲ್ಲಿ ತೆಯ್ಯಂ ತೆಗೆಯಲು 400ರ ರೀಲನ್ನು 1600ಕ್ಕೆ ಎಳೆದಿದ್ದರೆ, ಅಂದರೆ 1600ರದ್ದೆಂದೇ ಎಣಿಸಿ ತೆಗೆದಿದ್ದರೆ, ಅದನ್ನೂ ಸೂಕ್ಷ್ಮವೆಂದೇ ಎಣಿಸಿ. ಚೀಲವನ್ನು ಎಲ್ಲ ಕಡೆಯಿಂದ ಎಕ್ಸ್-ರೇಯಲ್ಲಿ ನೋಡುವ ಹೊಸ ಸಿಟಿ ಸ್ಕ್ಯಾನರ್‌ನೊಳಗೆ ಮಾತ್ರ ತೊಳೆಯದ ಯಾವ ರೀಲೂ ಹೋಗಬಾರದು. ರೀಲು ತಯಾರಿಸುವ ಕೊಡಾಕ್ ಕೂಡ ಎಚ್ಚರಿಸಿದೆ. ಲ್ಯಾಪ್‌ಟಾಪ್ ಚೀಲದಲ್ಲೇ ಇರಲಿ, ಹೊರತೆಗೆಯಬೇಡಿ ಎಂದು ಸಿಬ್ಬಂದಿ ಹೇಳಿದರೆ ಅಲ್ಲಿರುವುದು ಬಹುಶಃ ಅದೇ ಯಂತ್ರ. ಎಕ್ಸ್-ರೇ ತಡೆಯಲೆಂದಿರುವ ಸೀಸದ ಚೀಲವನ್ನು ನಂಬಬೇಡಿ, ಒಳಗೇನೆಂದು ಕಾಣದಿದ್ದರೆ ಮತ್ತೆ ಹಾಯಿಸುತ್ತಾರೆ. ಪಾರದರ್ಶಕ ಚೀಲದಲ್ಲಿ ರೀಲುಗಳನ್ನಿಟ್ಟು, ಬೆಲ್ಟಿಗೆ ಹಾಕುವ ಮೊದಲೇ ಕೈಯಿಂದ ಪರೀಕ್ಷಿಸಿ ಎಂದು ವಿನಯದಿಂದ ಕೇಳಿ. ಒಪ್ಪುವುದು ಸಿಬ್ಬಂದಿಯ ವಿವೇಚನೆ.

ಅದಕ್ಕೇ ಮಂಗಳೂರಿನಲ್ಲೋ ಕಣ್ಣೂರಿನಲ್ಲೋ ವಿಮಾನ ಹತ್ತುವ ಮೊದಲು ಊರಲ್ಲೇ ತೊಳೆಸಿ. ಕಪ್ಪು-ಬಿಳುಪಾದರೆ ಒಂದು ಸಂಜೆಯ ಕೆಲಸ. ಕ್ಯಾಮೆರಾದಲ್ಲಿ ಅರ್ಧ ಓಡಿದ ರೀಲಿದ್ದರೆ ಉಳಿದ ಫ್ರೇಮುಗಳನ್ನು ಅಂಗಳದ ಮಕ್ಕಳ ಮೇಲೆ ಖರ್ಚುಮಾಡಿ, ಸುತ್ತಿ ತನ್ನಿ.